ರೋಟವೇಟರ್
ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸಿ, ಅದರ ಪಿಟಿಒ (ಎಂಜಿನ್ನಿನ ಬಲವನ್ನು ಜೋಡಿಸಿದ ಯಂತ್ರಕ್ಕೆ ಸಾಗಿಸುವ) ಶಾಫ್ಟಿನ ಬಲದಿಂದ ತಿರುಗಿಸುವ ಉಳುಮೆ ಯಂತ್ರ. ಸಾಲಾಗಿ ಕೂಡಿಸಿದ ಬಾಗಿದ ಬ್ಲೇಡುಗಳು ಹೆಂಟೆ ಒಡೆದು ಮಣ್ಣನ್ನು ಪುಡಿಮಾಡುತ್ತವೆ. ಹಳಿಯಾಳ, ಮುಂಡಗೋಡದ ಭತ್ತ ಮತ್ತು ಗೋವಿನಜೋಳದ ಬಯಲು ಹೊಲಗಳಿಗೆ ಇದು ಒಗ್ಗುತ್ತದೆ. ಜೋಯಿಡಾ ತಾಲ್ಲೂಕಿನ ಅನಮೋಡದಂಥ ಘಟ್ಟದಂಚಿನ ಕಿರುಗದ್ದೆಗಳಿಗೆ ಪವರ್ ಟಿಲ್ಲರೇ ಸೂಕ್ತ.

ಅಪಾಯ ಹೆಚ್ಚಾಗಿ ಶಾಫ್ಟಿನಲ್ಲಿದೆ. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಲುಂಗಿಯ ತುದಿಯೋ ಸೀರೆಯ ಸೆರಗೋ ಸಿಕ್ಕಿದರೆ ಬಿಡಿಸಿಕೊಳ್ಳುವಷ್ಟು ಹೊತ್ತೂ ಸಿಗದು. ಶಾಫ್ಟಿನ ಕವಚ ಒಡೆದಿದ್ದರೆ ಯಂತ್ರ ಹೊಲಕ್ಕಿಳಿಯಲೇಬಾರದು. ಬ್ಲೇಡಿಗೆ ಸುತ್ತಿದ ಹುಲ್ಲು, ಬೇರು ತೆಗೆಯುವ ಮುನ್ನ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಎತ್ತಿ ನಿಲ್ಲಿಸಿದ ಯಂತ್ರಕ್ಕೆ ಗಟ್ಟಿ ದಿಮ್ಮಿಯ ಆಸರೆ ಕೊಡದೆ ಅಡಿಗೆ ಕೈ ಹಾಕಕೂಡದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಳುವ ರೂಢಿಯಂತೂ ನಿಲ್ಲಲೇಬೇಕು.

ಬ್ಲೇಡಿನ ಬೋಲ್ಟುಗಳನ್ನು ದಿನವೂ ಬಿಗಿಮಾಡಿ, ಗೇರ್‌ಬಾಕ್ಸಿನ ಎಣ್ಣೆ ನೋಡಿ, ಶಾಫ್ಟಿನ ಕೀಲುಗಳಿಗೆ ಗ್ರೀಸ್ ಹಾಕಬೇಕು. ಜಂಬಿಟ್ಟಿಗೆಯ ನೆಲದಲ್ಲಿ ಬ್ಲೇಡು ಬೇಗ ಸವೆಯುತ್ತದೆ. ಗೋವಿನಜೋಳದ ಹೊಲವನ್ನು ಒದ್ದೆಯಿರುವಾಗ ಪದೇ ಪದೇ ಹೊಡೆದರೆ ಅಡಿಯಲ್ಲಿ ಗಟ್ಟಿ ಪದರ ಕಟ್ಟಿ, ನೀರು, ಗಾಳಿ, ಬೇರು ಯಾವುದೂ ಸಲೀಸಾಗಿ ಇಳಿಯದು.