ಕೆಲಸ ಹೋಗಿದೆ ಎಂಬುದಕ್ಕೆ ಸಾಕ್ಷಿ ಯಾರು?

ಕೆಲಸವಿದೆ ಎಂದು ತೋರಿಸಲು ಸಂಬಳದ ಚೀಟಿ ಸಾಕು. ಕೆಲಸ ಹೋಗಿದೆ ಎಂಬುದಕ್ಕೆ ಸಾಕ್ಷಿ ಹುಡುಕುವುದು ಕಷ್ಟ. ನಿರುದ್ಯೋಗ ಭತ್ಯೆಯಲ್ಲಿ ಮೋಸ ತಡೆಯುವ ಪ್ರಯತ್ನಗಳ ಇತಿಹಾಸವೆಂದರೆ ಈ ಸಾಕ್ಷಿಯ ಹುಡುಕಾಟವೇ.

ಹೈದರಾಬಾದಿನ ಉಪ್ಪಲ್ ಕೈಗಾರಿಕಾ ಪ್ರದೇಶದಂಥ ಕಡೆ ದುಡಿಯುವವರಿಗೆ ಈ ಭತ್ಯೆ ಬರುವುದು ಇಎಸ್ಐ ಮೂಲಕ. 2005ರ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಮುಖ್ಯವಾಗಿ ಕಾರ್ಖಾನೆ ಮುಚ್ಚಿ ಅಥವಾ ಸಿಬ್ಬಂದಿ ಕಡಿತದಿಂದ ಕೆಲಸ ಕಳೆದುಕೊಂಡವರಿಗಾಗಿತ್ತು. ಮುಚ್ಚಿದ ಗೇಟು ಯಾರಿಗೂ ಕಾಣುತ್ತದೆ. 2018ರ ಜುಲೈನಲ್ಲಿ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇನ್ನೂ ಹೆಚ್ಚು ಜನರನ್ನು ಒಳಗೊಂಡಿತು. ಸರಾಸರಿ ದಿನಗೂಲಿಯ ಶೇ 25ರಷ್ಟನ್ನು 90 ದಿನಗಳವರೆಗೆ ಕೊಟ್ಟಿತು. ಆದರೆ ಅರ್ಜಿ ಹಳೆಯ ಮಾಲೀಕರ ಮೂಲಕ ಬರಬೇಕಿತ್ತು, ಜೊತೆಗೆ ಅಫಿಡವಿಟ್ ಬೇಕಿತ್ತು.

2020ರ ಲಾಕ್‌ಡೌನ್‌ನಲ್ಲಿ ಬೀಗ ಬಿದ್ದ ಕಾರ್ಖಾನೆಯಿಂದ ಮಾಲೀಕರ ಸಹಿ ತರುವುದು ಹೇಗೆ? ಇಎಸ್ಐ ನಿಗಮ ಆ ವರ್ಷ ಭತ್ಯೆಯನ್ನು ಶೇ 50ಕ್ಕೆ ಏರಿಸಿ, ಕೆಲಸಗಾರರೇ ನೇರ ಅರ್ಜಿ ಹಾಕಲು ಬಿಟ್ಟಿತು. ನವೆಂಬರಿನಲ್ಲಿ ಅಫಿಡವಿಟ್ ಕೂಡ ಹೋಯಿತು. ಆಧಾರ್, ಬ್ಯಾಂಕ್ ಖಾತೆ, ವಂತಿಗೆಯ ದಾಖಲೆಗಳೇ ಸಾಕ್ಷಿಯಾದವು.

ಆದರೆ ವಂತಿಗೆ ಕಟ್ಟುವವರು ಮಾಲೀಕರು. ಸಂಬಳದಲ್ಲಿ ಹಿಡಿದ ಹಣವನ್ನು ಅವರು ಕಟ್ಟದಿದ್ದರೆ ದುಡಿದ ದಿನಗಳು ದಾಖಲೆಗೇ ಬರುವುದಿಲ್ಲ. ನಿಜ ಹೇಳುವವರೇ ಸುಳ್ಳುಗಾರರಂತೆ ಕಾಣುತ್ತಾರೆ. 1948ರ ಇಎಸ್ಐ ಕಾಯ್ದೆ, ಅದರ ತಿದ್ದುಪಡಿಗಳ ಸಮೇತ, ಈ ವ್ಯತ್ಯಾಸವನ್ನು ಗುರುತಿಸಿತ್ತು. ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ ಗರಿಷ್ಠ 6 ತಿಂಗಳ ಜೈಲು. ಹಿಡಿದ ವಂತಿಗೆ ಕಟ್ಟದ ಮಾಲೀಕರಿಗೆ 1ರಿಂದ 3 ವರ್ಷ. ಮೋಸ ಹುಡುಕುವವರು ಅರ್ಜಿಯ ಜೊತೆ ಮಾಲೀಕರ ಲೆಕ್ಕದ ಪುಸ್ತಕವನ್ನೂ ತೆರೆಯಬೇಕೆಂದು ಕಾನೂನೇ ಹೇಳಿದಂತಿದೆ.