ಬೆನಿನ್ ಅರಮನೆಯಲ್ಲಿ ಕ್ಯಾಮೆರಾ

ಆಫ್ರಿಕಾದ ಅರಸರ ಹಳೆಯ ಛಾಯಾಚಿತ್ರಗಳನ್ನು ವಸಾಹತು ಆಡಳಿತಗಾರರ ದೃಷ್ಟಿಯ ದಾಖಲೆಗಳೆಂದಷ್ಟೇ ಓದುವ ರೂಢಿ ಬಹುಕಾಲ ನಡೆದುಬಂದಿದೆ. ಆದರೆ ಇಂದಿನ ನೈಜೀರಿಯಾದ ದಕ್ಷಿಣದಲ್ಲಿರುವ ಬೆನಿನ್ ಅರಮನೆಯ ಚಿತ್ರಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ, ಅರಸುತನವನ್ನು ಕಣ್ಣಿಗೆ ಕಟ್ಟಿಸುವ ಸ್ಥಳೀಯ ಕ್ರಮವೊಂದು ಕ್ಯಾಮೆರಾ ಬರುವ ಮೊದಲೇ ಅಲ್ಲಿ ಬೇರೂರಿತ್ತೆಂಬುದೂ, ಹೊಸ ಯಂತ್ರ ಕಡೆಗೆ ಆ ಕ್ರಮಕ್ಕೇ ಒಗ್ಗಿಕೊಂಡಿತೆಂಬುದೂ ಗೊತ್ತಾಗುತ್ತದೆ. ಬೆನಿನ್ ಎಂಬ ಹೆಸರಿನ ಈಗಿನ ದೇಶ ಬೇರೆ. ಇಲ್ಲಿನ ಮಾತು ಎಡೊ ಜನರ ಪ್ರಾಚೀನ ರಾಜ್ಯಕ್ಕೆ ಸಂಬಂಧಿಸಿದ್ದು.

ಆ ರಾಜ್ಯದ ದೊರೆಗೆ ಓಬಾ ಎಂದು ಹೆಸರು. 16 ಮತ್ತು 17ನೆಯ ಶತಮಾನಗಳಲ್ಲಿ ಅರಮನೆಯ ಕಂಬಗಳಿಗೆ ಹೊದಿಸಲು ಎರಕ ಹೊಯ್ದ ಹಿತ್ತಾಳೆಯ ಫಲಕಗಳಲ್ಲಿ ಓಬಾ ನೋಡುಗರಿಗೆ ನೇರವಾಗಿ ಮುಖಮಾಡಿ ನಡುವೆ ಇರುತ್ತಾನೆ, ಪರಿಚಾರಕರು ಅವನಿಗಿಂತ ಚಿಕ್ಕ ಆಕಾರದಲ್ಲಿ ಇಕ್ಕೆಲಗಳಲ್ಲಿ ಇರುತ್ತಾರೆ, ಕೆಲವೆಡೆ ಇಬ್ಬರು ಅವನ ಚಾಚಿದ ಕೈಗಳನ್ನು ಆತು ಹಿಡಿದಿರುತ್ತಾರೆ. ಕಡಲಿನ ದೈವವಾದ ಒಲೊಕುನ್‌ನ ಸಂಪತ್ತೆಂದು ನಂಬಲಾದ ಹವಳದ ಕಿರೀಟ, ಗಲ್ಲದವರೆಗೆ ಏರುವ ಕೊರಳಪಟ್ಟಿ ಮತ್ತು ಹವಳ ಪೋಣಿಸಿದ ಅಂಗಿ ಬಹಳ ಭಾರವಾದದ್ದರಿಂದ ಈ ಆಸರೆ ದೇಹಕ್ಕೂ ಬೇಕಾಗಿತ್ತು. ಅದೇ ಹೊತ್ತಿಗೆ, ಅರಸನ ಭಾರವನ್ನು ಪ್ರಜೆಗಳು ಹೊರಬೇಕೆಂಬ ಅರ್ಥವನ್ನೂ ಅದು ಒಳಗೊಂಡಿತ್ತು.

1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ಬೆನಿನ್ ನಗರವನ್ನು ಹಿಡಿದು, ಸಾವಿರಾರು ಕಲಾಕೃತಿಗಳನ್ನು ದೋಚಿತು. ರಾಶಿಬಿದ್ದ ಹಿತ್ತಾಳೆಯ ಮೂರ್ತಿಗಳು ಮತ್ತು ದಂತಗಳ ನಡುವೆ ಅಧಿಕಾರಿಗಳು ಕುಳಿತು ತೆಗೆಸಿಕೊಂಡ ಚಿತ್ರ, ಅರಸನ ಸ್ಥಾನವನ್ನು ತಾವೇ ಆಕ್ರಮಿಸಿದ್ದೇವೆಂದು ಸಾರುವ ಉದ್ದೇಶದ್ದು. ಅದೇ ವರ್ಷ, ಶರಣಾದ ಓಬಾ ಓವೊನ್‌ರಾಮ್ವೆನ್‌ನನ್ನು ಹಡಗಿನಲ್ಲಿ ಕ್ಯಾಲಬಾರಿಗೆ ಗಡೀಪಾರು ಮಾಡುತ್ತಿದ್ದಾಗ, ಬಾನಿ ಊರಿನ ಇಜೊ ಸಮುದಾಯದ ಛಾಯಾಗ್ರಾಹಕ ಜೆ. ಎ. ಗ್ರೀನ್ ತೆಗೆದ ಚಿತ್ರ ಇದಕ್ಕೆ ತೀರ ವಿರುದ್ಧವಾದ ಪ್ರಭಾವ ಬೀರುತ್ತದೆ. ಹವಳವಿಲ್ಲ, ಕಿರೀಟವಿಲ್ಲ, ಹಿಂದೆ ಬಂದೂಕು ಹಿಡಿದ ಕಾವಲುಗಾರರಿದ್ದಾರೆ. ಆದರೂ ಅರಸ ನಡುವೆ ಕುರ್ಚಿಯಲ್ಲಿ ಕುಳಿತಿದ್ದಾನೆ, ಉಳಿದವರು ಅವನ ಸುತ್ತ ನಿಂತಿದ್ದಾರೆ, ಕಾಲಿನ ಸಂಕೋಲೆಯನ್ನು ನಿಲುವಂಗಿ ಮುಚ್ಚಿದೆ. ವಸಾಹತು ಅಧಿಕಾರಿಗಳಿಗೂ ನೈಜರ್ ನದೀಮುಖದ ಸ್ಥಳೀಯ ಮುಖಂಡರಿಗೂ ಚಿತ್ರ ತೆಗೆದುಕೊಡುತ್ತಿದ್ದ ಗ್ರೀನ್ ಇದನ್ನು ಬೇಕೆಂದೇ ಹೀಗೆ ಹೊಂದಿಸಿದನೋ ಇಲ್ಲವೋ, ಫಲಕಗಳ ವಿನ್ಯಾಸ ಬಲ್ಲವರಿಗೆ ಕಾವಲುಗಾರರು ಪರಿಚಾರಕರಂತೆಯೇ ಕಾಣುತ್ತಾರೆ. ಸೋತವನ ದಾಖಲೆಯಾಗಬೇಕಿದ್ದ ಚಿತ್ರವು ಅರಸನ ಘನತೆಯನ್ನು ಉಳಿಸಿಕೊಟ್ಟಿತು.

ಓವೊನ್‌ರಾಮ್ವೆನ್ 1914ರಲ್ಲಿ ಗಡೀಪಾರಿನಲ್ಲೇ ತೀರಿಕೊಂಡ ಮೇಲೆ ಅವನ ಮಗ ಎರಡನೆಯ ಎವೆಕಾ ಪಟ್ಟಕ್ಕೆ ಬಂದನು. 1933ರಿಂದ 1978ರವರೆಗೆ ಆಳಿದ ಮೊಮ್ಮಗ ಎರಡನೆಯ ಅಕೆನ್ಜುವಾನ ಕಾಲದಲ್ಲಿ ಎಡೊ ಜನಾಂಗದವನೇ ಆದ ಸೊಲೊಮನ್ ಒಸಾಗಿ ಅಲೊಂಗೆ ಅರಮನೆಯ ಅಧಿಕೃತ ಛಾಯಾಗ್ರಾಹಕನಾದದ್ದು ಈ ಇತಿಹಾಸದ ಮಹತ್ವದ ತಿರುವು. ಫಲಕದಲ್ಲಿ ಎರಕದವನು ಅರಸನನ್ನು ದೊಡ್ಡದಾಗಿ ಮಾಡಬಲ್ಲ. ಕ್ಯಾಮೆರಾಕ್ಕೆ ಆ ಸ್ವಾತಂತ್ರ್ಯವಿಲ್ಲ. ಹೀಗಾಗಿ ಛಾಯಾಚಿತ್ರದಲ್ಲಿ ಹಿರಿಮೆಯನ್ನು ಪೀಠದಿಂದ, ಪರಿವಾರ ನಿಲ್ಲುವ ಕ್ರಮದಿಂದ, ಹವಳದ ಉಡುಪಿನ ವಿಸ್ತಾರದಿಂದ ತೋರಿಸಬೇಕಾಗುತ್ತದೆ. ಗಾಜಿನ ಫಲಕಗಳ ಮೇಲೆ ನೆಗೆಟಿವ್ ಪಡೆದು ಚಿತ್ರ ತೆಗೆಯುತ್ತಿದ್ದ ಅಲೊಂಗೆ, ಕೆಲವು ಪ್ರತಿಗಳಿಗೆ ಕೈಯಿಂದ ಬಣ್ಣವನ್ನೂ ಹಚ್ಚುತ್ತಿದ್ದನು. ಬಣ್ಣದಲ್ಲಿಯೇ ಪಾವಿತ್ರ್ಯ ಕಾಣುವ ಹವಳಕ್ಕೆ ಕಪ್ಪು-ಬಿಳುಪು ಸಾಲದೆಂಬುದು ಸಹಜವೇ.

ಉತ್ಸವಗಳ ಹೊರತು ಸಾಮಾನ್ಯರ ಕಣ್ಣಿಗೆ ಬೀಳದೆ ಅರಮನೆಯೊಳಗೇ ಇರುವುದು ಹಿಂದಿನ ಓಬಾರ ಮಹಿಮೆಯ ಭಾಗವಾಗಿತ್ತು. ಅರಸನ ಚಿತ್ರ ತೆಗೆಯುವ ಕೆಲಸ ಒಳಗಿನವನ ಕೈಗೆ ಬಂದದ್ದರಿಂದ, ಎಷ್ಟು ತೋರಬೇಕು, ಹೇಗೆ ತೋರಬೇಕೆಂಬ ತೀರ್ಮಾನ ಮತ್ತೆ ಅರಮನೆಗೇ ಸೇರಿತು. 1942ರಲ್ಲಿ ಅಲೊಂಗೆ ತೆರೆದ ಐಡಿಯಲ್ ಫೋಟೊ ಸ್ಟುಡಿಯೊಗೆ ನಗರದ ಸಾಮಾನ್ಯ ಕುಟುಂಬಗಳೂ ಬಂದು, ಒಳ್ಳೆಯ ಉಡುಪು ತೊಟ್ಟು, ಕ್ಯಾಮೆರಾಕ್ಕೆ ನೇರ ಮುಖಮಾಡಿ ಚಿತ್ರ ತೆಗೆಸಿಕೊಂಡವು. ಅವನ ಚಿತ್ರಸಂಗ್ರಹ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಕಲಾ ವಸ್ತುಸಂಗ್ರಹಾಲಯದಲ್ಲಿದೆ. ದೋಚಿದ ಹಿತ್ತಾಳೆಯ ಕೃತಿಗಳನ್ನು ಗಾಜಿನ ಪೆಟ್ಟಿಗೆಗಳಲ್ಲಷ್ಟೇ ಕಂಡ ವಿದ್ವಾಂಸರು, ಆ ಕೃತಿಗಳಲ್ಲಿರುವ ಉಡುಗೆ, ಭಂಗಿ ಮತ್ತು ಶ್ರೇಣಿ 20ನೆಯ ಶತಮಾನದಲ್ಲೂ ಆಸ್ಥಾನದಲ್ಲಿ ಬಳಕೆಯಲ್ಲಿದ್ದುದನ್ನು ಈ ಚಿತ್ರಗಳಿಂದ ಅರಿಯಬಹುದಾಗಿದೆ.