ಮನೆಯೊಳಗಿನ ಎಣ್ಣೆ ಡಬ್ಬಿ: ಬೀದರ್, ಭಾಲ್ಕಿ, ಔರಾದ್

ಬೀದರ್ ಸೀಮೆಯ ಮನೆಗಳಲ್ಲಿ ಇಂಧನ ಕೂಡಿಡುವ ರೂಢಿ ಪೆಟ್ರೋಲಿಗಿಂತ ಹಳೆಯದು. ಮೊದಲು ದೀಪಕ್ಕೆ ಹರಳೆಣ್ಣೆ, ಕುಸುಬೆ ಎಣ್ಣೆ ಮಣ್ಣಿನ ಗಡಿಗೆಗಳಲ್ಲಿರುತ್ತಿದ್ದವು. ಆಮೇಲೆ ಚಿಮಣಿ ಎಣ್ಣೆ (ಸೀಮೆಎಣ್ಣೆ) ಬಂತು, ಅದರೊಂದಿಗೆ ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಸುವ ತಗಡಿನ ಡಬ್ಬಿಯೂ ಬಂತು. ನಿಜಾಮರ ಕಾಲದಲ್ಲಿ ವಿಕಾರಾಬಾದ್ ಕಡೆಯಿಂದ ಬಂದ ರೈಲು ಬೀದರ್, ಭಾಲ್ಕಿಗಳಿಗೆ ಸರಕು ತಲುಪಿಸಿತು. ಔರಾದಿಗೆ ಮಾತ್ರ ರಸ್ತೆಯೇ ಗತಿಯಾಗಿತ್ತು. ಮಳೆಗಾಲದಲ್ಲಿ ಕಪ್ಪುನೆಲದ ಕೆಸರು ಗಾಡಿಗಳನ್ನು ತಡೆಯುವ ಇಂಥ ಕಡೆ ಮುಂಚೆಯೇ ಕೂಡಿಡುವುದು ದುಂದಲ್ಲ, ಅಗತ್ಯ.

ಹೊತ್ತಿಕೊಳ್ಳುವ ವಸ್ತುಗಳಿಂದಾಗುವ ಅಪಾಯವೂ ಬೀದರಿಗೆ ಹೊಸದಲ್ಲ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಲುಕಿ ಒಂದು ಭಾಗವನ್ನೇ ಕಳೆದುಕೊಂಡಿತು.

ಡೀಸೆಲ್ ಪಂಪು, ಟ್ರ್ಯಾಕ್ಟರುಗಳು ಬಂದ ಮೇಲೆ ಹೊಲದ ಮನೆಗಳಲ್ಲಿ ಡ್ರಮ್ಮುಗಳು ನಿಂತವು. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ 30 ಲೀಟರಿನವರೆಗೆ ಇಡಬಹುದು. ಲೋಹದ ಪಾತ್ರೆ 25 ಲೀಟರ್ ಮೀರಬಾರದು, ಮುಚ್ಚಳ ಬಿಗಿಯಾಗಿರಬೇಕು. ಡೀಸೆಲ್, ಸೀಮೆಎಣ್ಣೆಗಳ ಮಿತಿ 2500 ಲೀಟರ್. ಈ ಅಂತರ ನ್ಯಾಯವೇ: ಪೆಟ್ರೋಲಿನ ಆವಿ ಸಾಮಾನ್ಯ ಶಾಖದಲ್ಲೇ ಹೊತ್ತಿಕೊಳ್ಳುತ್ತದೆ, ಡೀಸೆಲ್ಲಿಗೆ ಹೆಚ್ಚು ಬಿಸಿ ಬೇಕು. ಆದರೆ ಬಹುಕಾಲ ಇಟ್ಟರೆ ಎರಡೂ ಕೆಡುತ್ತವೆ. ಪೆಟ್ರೋಲಿನ ಹಗುರ ಅಂಶ ಹಾರಿ ಅಂಟು ಕಟ್ಟುತ್ತದೆ. ಡೀಸೆಲ್ಲಿನ ತಳದಲ್ಲಿ ನೀರು ಸೇರಿ, ಸೂಕ್ಷ್ಮಜೀವಿಗಳು ಬೆಳೆದು ಗಸಿ ನಿಲ್ಲುತ್ತದೆ. 2016ರ ಉಜ್ವಲಾ ಯೋಜನೆಯ ನಂತರ ಅಡುಗೆಮನೆಗಳಿಗೆ ಗ್ಯಾಸ್ ಸಿಲಿಂಡರ್ ಹೆಚ್ಚಾಗಿ ಬಂದು, ಚಿಮಣಿ ಎಣ್ಣೆಯ ಡಬ್ಬಿಗೆ ಕೆಲಸ ಕಡಿಮೆಯಾಯಿತು.